ಮೂರು ಸಲ ಕೇಳಬೇಕು

ತುಮಕೂರಿನ ವೆಂಕಟಲಕ್ಷ್ಮಮ್ಮ ತಮ್ಮ ಒಬ್ಬಳೇ ಮಗಳು ಕಲ್ಯಾಣಿಗೆ ಅಕ್ಷರಕ್ಕಿಂತ ಮೊದಲು ಕಲಿಸಿದ್ದು ಬೇಡ ಅನ್ನುವುದನ್ನು. ಯಾರ ಮನೆಗೆ ಹೋದರೂ ಕೊಟ್ಟ ತಿಂಡಿಗೆ ಮೊದಲ ಸಲಕ್ಕೇ ಕೈಚಾಚಬಾರದು. ತಗೋ ಮಗು ಅಂದರೆ ಬೇಡ ಅನ್ನಬೇಕು. ಪರವಾಗಿಲ್ಲ ತಗೋ ಅಂದರೆ ಈಗ ತಾನೇ ತಿಂದು ಬಂದೆ ಅನ್ನಬೇಕು. ಮೂರನೇ ಸಲ ಅವರೇ ಬಲವಂತ ಮಾಡಿ ಕೈಗೆ ತುರುಕಿದಾಗ ತಲೆ ತಗ್ಗಿಸಿ ತೆಗೆದುಕೊಳ್ಳಬೇಕು. ಐದು ವರ್ಷದವಳಿದ್ದಾಗ ಪಕ್ಕದ ಮನೆಯಲ್ಲಿ ಒಂದೇ ಮಾತಿಗೆ ಚಕ್ಕುಲಿ ಇಸಿದುಕೊಂಡಿದ್ದಕ್ಕೆ ಅಮ್ಮ ತೊಡೆ ಚಿವುಟಿದ್ದರು. "ಹಪಾಹಪಿ ಅಂತಾರೆ ಕಣೇ, ಊಟ ಕಾಣದ ಮನೆಯವಳು ಅಂತಾರೆ" ಅಂದಿದ್ದರು. ಕೆಂಪು ಗುರುತು ಎರಡು ದಿನ ಹೋಗಲಿಲ್ಲ. ಪಾಠ ಜನ್ಮಕ್ಕೂ ಹೋಗಲಿಲ್ಲ.

ಮನೆಯಲ್ಲಿ ಇಷ್ಟು ಸಂಕೋಚದ ಹುಡುಗಿ ಮೈದಾನದಲ್ಲಿ ಮಾತ್ರ ಬೇರೆಯೇ. ಪಿ.ಯು.ಸಿ. ಸೇರಿದ ವರ್ಷ ದೈಹಿಕ ಶಿಕ್ಷಣದ ಪ್ರೇಮಕುಮಾರಿ ಮೇಡಂ ಅವಳ ಉದ್ದನೆಯ ಕೈ ನೋಡಿ ಸಾಫ್ಟ್‌ಬಾಲ್ ತಂಡಕ್ಕೆ ಎಳೆದುಕೊಂಡರು. ಹೆಸರಿಗೆ ಸಾಫ್ಟು, ಅಷ್ಟೇ. ಚೆಂಡು ದೊಡ್ಡ ಮೋಸಂಬಿಯಷ್ಟು ದಪ್ಪ, ಬಡಿದರೆ ಮೂಳೆ ಮುರಿಯುವಷ್ಟು ಗಟ್ಟಿ. ಎಸೆಯುವವಳು ಕೈಯನ್ನು ರಾಟೆಯಂತೆ ಪೂರ್ತಿ ಒಂದು ಸುತ್ತು ತಿರುಗಿಸಿ ಸೊಂಟದ ಪಕ್ಕದಿಂದ ಬಿಡಬೇಕು. ಅವಳಿಗೆ ಪಿಚರ್ ಅನ್ನುತ್ತಾರೆ. ಇಡೀ ಆಟ ನಿಂತಿರುವುದು ಅವಳ ಭುಜದ ಮೇಲೆ.

ಕಾಲೇಜಿನಲ್ಲಿ ಬಲೆಯಿಲ್ಲ, ಯಂತ್ರವಿಲ್ಲ, ಇಡೀ ತಂಡಕ್ಕೆ ಇದ್ದದ್ದೇ ಆರು ಗ್ಲೌಸು. ಮೇಡಂ ಹಾಸ್ಟೆಲಿನ ನೀರಿನ ಟ್ಯಾಂಕಿನ ಗೋಡೆ ಮೇಲೆ ಇದ್ದಿಲಿನಿಂದ ಒಂದು ಚೌಕ ಬರೆದರು. ಹಳೇ ಚೆಂಡನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ ಎಸೆಯಬೇಕು. ತಾಗಿದ ಕಡೆ ಒದ್ದೆ ಗುರುತು ಮೂಡುತ್ತದೆ. "ಗೋಡೆ ಸುಳ್ಳು ಹೇಳಲ್ಲ ಕಣಮ್ಮ. ಗುರುತು ಒಣಗೋದ್ರೊಳಗೆ ಇನ್ನೊಂದು ಬೀಳಬೇಕು" ಅನ್ನುತ್ತಿದ್ದರು. ನೆನೆದ ಚೆಂಡು ಒಣ ಚೆಂಡಿಗಿಂತ ಭಾರ. ಮೂರು ವರ್ಷ ಆ ಭಾರದ ಚೆಂಡು ಎಸೆದವಳಿಗೆ ಪಂದ್ಯದ ಚೆಂಡು ಕೈಯಲ್ಲಿ ಇದೆ ಅಂತಲೇ ಅನ್ನಿಸುತ್ತಿರಲಿಲ್ಲ.

ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದಳು, ಮರುವರ್ಷ ನಾಯಕಿಯಾದಳು. ಕೊನೆಯ ವರ್ಷದ ಅಂತರ ವಿಶ್ವವಿದ್ಯಾಲಯ ಫೈನಲ್‌ನಲ್ಲಿ ಹನ್ನೊಂದು ಜನರನ್ನು ಬ್ಯಾಟಿಗೆ ಚೆಂಡು ತಾಗಿಸಲೂ ಬಿಡದೆ ವಾಪಸು ಕಳಿಸಿದಳು. ಪತ್ರಿಕೆಯಲ್ಲಿ ಎರಡು ಇಂಚಿನ ಸುದ್ದಿ ಬಂತು. ಒಂದು ಬ್ಯಾಂಕಿನಿಂದ ಕ್ರೀಡಾ ಕೋಟಾದ ಸಂದರ್ಶನಕ್ಕೆ ಪತ್ರವೂ ಬಂತು. ಆದರೆ ಅದೇ ವಾರ ಜರ್ಮನಿಯಿಂದ ಶೇಷಗಿರಿಯ ಜಾತಕ ಬಂತು. ಯಾವುದು ಗೆದ್ದಿತು ಅಂತ ಹೇಳಬೇಕಾಗಿಲ್ಲ ತಾನೇ?

ಕಂಪ್ಯೂಟರ್ ಬಲ್ಲವರಿಗೆ ಐದು ವರ್ಷದ ಗ್ರೀನ್ ಕಾರ್ಡ್ ಕೊಡುತ್ತೇವೆ ಅಂತ ಜರ್ಮನಿಯವರು ಶುರುಮಾಡಿದ್ದು ಎರಡು ಸಾವಿರದ ಇಸವಿಯ ಆಗಸ್ಟಿನಲ್ಲಿ. ಶೇಷಗಿರಿ ಆ ವರ್ಷವೇ ಹೋದವನು. ಮೊದಲ ಚಳಿಗಾಲ ಬೊಬ್ಲಿಂಗೆನ್‌ನಲ್ಲಿ, ಆಮೇಲೆ ಮ್ಯಾನ್‌ಹೈಮ್‌ನಲ್ಲಿ. ಕೆಟ್ಟವನಲ್ಲ. ಕುಡಿಯುವುದಿಲ್ಲ, ಕೈಯೆತ್ತುವುದಿಲ್ಲ, ಭಾನುವಾರ ಪಾತ್ರೆ ತೊಳೆಯುತ್ತಿದ್ದ. ಹೆಂಡತಿಯ ಪದಕಗಳನ್ನು ತಾನೇ ಶೋಕೇಸಿನಲ್ಲಿ ಜೋಡಿಸಿ ಬಂದವರಿಗೆಲ್ಲ ತೋರಿಸುತ್ತಿದ್ದ. ಶೋಕೇಸಿನೊಳಗೆ ಇದ್ದಷ್ಟು ದಿನ ಆ ಪದಕಗಳಿಂದ ಅವನಿಗೆ ಯಾವ ತೊಂದರೆಯೂ ಇರಲಿಲ್ಲ.

ಕಲ್ಯಾಣಿ ಮ್ಯಾನ್‌ಹೈಮ್‌ಗೆ ಬಂದಿಳಿದದ್ದು ಎರಡು ಸಾವಿರದ ಒಂದರ ಜೂನ್‌ನಲ್ಲಿ. ಪಾಸ್‌ಪೋರ್ಟಿನಲ್ಲಿ ಕೆಲಸ ಮಾಡುವಂತಿಲ್ಲ ಅನ್ನುವ ಚೀಟಿ ಅಂಟಿಸಿದ್ದರು. ಗಂಡ ಆರೂಮುಕ್ಕಾಲರ ರೈಲಿಗೆ ಹೋದರೆ ಬರುವುದು ಸಂಜೆ ಏಳಕ್ಕೆ. ಕೆಳಗಿನ ಮಹಡಿಯಲ್ಲಿ ತಿಪಟೂರಿನ ಖದೀಜಾ ಇದ್ದಳು, ಅದೊಂದು ಪುಣ್ಯ. ಅವಳ ಗಂಡನೂ ಕಂಪ್ಯೂಟರಿನವನೇ. ಇಬ್ಬರೂ ಸೇರಿ ಜರ್ಮನ್ ಕಲಿಯಲು ಸಂಜೆ ತರಗತಿಗೆ ಹೋಗುತ್ತಿದ್ದರು.

ಒಂದು ದಿನ ತರಗತಿಯಿಂದ ಬರುವಾಗ ಟ್ರಾಮಿನ ಕಿಟಕಿಯಲ್ಲಿ ಕಂಡಿತು: ಹಸಿರು ಬಯಲು, ಕಬ್ಬಿಣದ ಬೇಲಿ, ಒಬ್ಬ ಹುಡುಗಿ ಕೈಯನ್ನು ಸುತ್ತು ತಿರುಗಿಸುತ್ತಿದ್ದಾಳೆ. ಕಲ್ಯಾಣಿ ಮುಂದಿನ ಸ್ಟಾಪಿನಲ್ಲಿ ಇಳಿದು ಚೂಡಿದಾರದಲ್ಲೇ ಓಡಿ ಬಂದು ಬೇಲಿ ಹಿಡಿದು ನಿಂತಳು. ಅದು ನೆಕರ್ ಫಾಲ್ಕನ್ಸ್ ಅನ್ನುವ ಕ್ಲಬ್ಬು. ಅದರ ಅಧ್ಯಕ್ಷರು ಹೆರ್ ವೈಗಾಂಡ್, ಕಸುಬಿನಲ್ಲಿ ಟ್ರಾಮ್ ಡ್ರೈವರು, ಚಿಕ್ಕಂದಿನಲ್ಲಿ ಊರಿನ ಅಮೆರಿಕನ್ ಸಿಪಾಯಿಗಳಿಂದ ಆಟ ಕಲಿತವರು. ಎಸೀತೀರಾ ಅಂತ ಹರಕು ಇಂಗ್ಲಿಷಿನಲ್ಲಿ ಕೇಳಿದರು. ಕಲ್ಯಾಣಿ ಇಲ್ಲ ಅಂತ ತಲೆಯಾಡಿಸಿದಳು. ಆಡಿಸದೆ ಇರುತ್ತಾಳೆಯೇ, ವೆಂಕಟಲಕ್ಷ್ಮಮ್ಮನ ಮಗಳು. ಆದರೆ ಅವರು ಅಷ್ಟರಲ್ಲಿ ಚೆಂಡನ್ನು ಬೇಲಿಯ ಮೇಲಿಂದ ಎಸೆದೇಬಿಟ್ಟಿದ್ದರು. ಬಾಯಿಗೆ ಇದ್ದ ಸಂಕೋಚ ಕೈಗೆ ಇರಲಿಲ್ಲ. ಕೈ ಹಿಡಿಯಿತು.

ಅವಳ ಮೊದಲ ಎಸೆತಕ್ಕೆ ಚೆಂಡು ಹಿಡಿಯುವ ಹುಡುಗಿ ಗ್ಲೌಸು ಬಿಚ್ಚಿ ಅಂಗೈ ಊದಿಕೊಂಡಳು. ಹತ್ತನೇ ಎಸೆತಕ್ಕೆ ಉಳಿದವರೆಲ್ಲ ಅಭ್ಯಾಸ ನಿಲ್ಲಿಸಿ ಸುತ್ತ ನಿಂತಿದ್ದರು.

ಮುಂದಿನ ವರ್ಷ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ನೆಕರ್ ಫಾಲ್ಕನ್ಸ್‌ಗೆ ಅವಳೇ ಪಿಚರ್. ಕೊನೆಯಲ್ಲಿ ಬಿದ್ದಿದ್ದ ತಂಡ ಎರಡನೇ ಸ್ಥಾನಕ್ಕೆ ಬಂತು. ಬುಧವಾರ ಸಂಜೆ ಚಿಕ್ಕ ಹುಡುಗಿಯರಿಗೆ ಕಲಿಸುತ್ತಿದ್ದಳು. ಕ್ಲಬ್ಬಿನ ಉಗ್ರಾಣದ ಗೋಡೆಯ ಮೇಲೆ ಇದ್ದಿಲಿನ ಚೌಕ, ಪಕ್ಕದಲ್ಲಿ ನೀರಿನ ಬಕೆಟ್ಟು. ವೈಗಾಂಡ್ ಮೊದಲು ಗೋಡೆ ಹಾಳಾಗುತ್ತದೆ ಅಂತ ಗೊಣಗಿದರು. ಮೂರು ವಾರದ ಮೇಲೆ ತಾವೇ ಇನ್ನೆರಡು ಬಕೆಟ್ಟು ತಂದಿಟ್ಟರು. ಹುಡುಗಿಯರು ಅವಳನ್ನು ಕಲ್ಲಿ ಅಂತ ಕರೆಯುತ್ತಿದ್ದರು. ಇದೆಲ್ಲ ಪುಕ್ಕಟೆ. ಕಲ್ಯಾಣಿಗೆ ಅದರ ಲೆಕ್ಕವೇ ಇರಲಿಲ್ಲ.

ಊರಿನ ಪತ್ರಿಕೆ ಅವಳ ಫೋಟೋ ಹಾಕಿತು. ಶೇಷಗಿರಿಯ ಆಫೀಸಿನಲ್ಲಿ ಅದನ್ನು ಕಾಫಿ ಯಂತ್ರದ ಪಕ್ಕ ಯಾರೋ ಅಂಟಿಸಿದರು. ಬೇಕರಿಯ ಹೆಂಗಸು ಬ್ರೆಡ್ಡು ಕಟ್ಟಿಕೊಡುತ್ತಾ "ನೀವು ಕಲ್ಲಿಯ ಗಂಡ ಅಲ್ಲವೇ?" ಅಂದಳು. ಅವನು ಮನೆಗೆ ಬಂದು ನಗುತ್ತಲೇ ಹೇಳಿದ. ಎರಡನೇ ಸಲ ಹೇಳುವಾಗ ನಗಲಿಲ್ಲ. ಮೂರನೇ ಸಲ ಹೇಳಲೇ ಇಲ್ಲ. ಆ ಬೇಕರಿಗೆ ಹೋಗುವುದನ್ನೂ ಬಿಟ್ಟ.

ಅಕ್ಟೋಬರಿನ ಒಂದು ಭಾನುವಾರ ಮಧ್ಯಾಹ್ನ ಮೂರಕ್ಕೆ ವೈಗಾಂಡ್ ಪ್ಲಮ್ ಹಣ್ಣಿನ ಕೇಕು ಹಿಡಿದು ಮನೆಗೆ ಬಂದರು. ಕಂಕುಳಲ್ಲಿ ಒಂದು ಹಸಿರು ಫೈಲು. ಕಲ್ಯಾಣಿ ಉಪ್ಪಿಟ್ಟು, ಕೇಸರಿಬಾತು ಮಾಡಿದ್ದಳು. ಅವರು ಒಂದು ತಟ್ಟೆ ತಿಂದು ಸಾಕು ಅಂದರು. ಗಂಡಹೆಂಡತಿ ಕೇಳಬೇಕಲ್ಲ. ಒಂದು ಕಡೆಯಿಂದ ಇವನು "ಸ್ವಲ್ಪ, ಸ್ವಲ್ಪವೇ" ಅಂತ ಉಪ್ಪಿಟ್ಟು ಹಾಕಿದ, ಇನ್ನೊಂದು ಕಡೆಯಿಂದ ಅವಳು ಕೇಸರಿಬಾತು ಸುರಿದಳು. ಪಾಪ, ಆ ಮನುಷ್ಯ ಬೆಲ್ಟು ಸಡಿಲಿಸಿಕೊಂಡು ಎಲ್ಲವನ್ನೂ ತಿಂದರು.

ಆಮೇಲೆ ಫೈಲು ತೆರೆದು ನಿಧಾನವಾಗಿ, ಅವಳಿಗೂ ಅರ್ಥವಾಗುವಂಥ ಜರ್ಮನ್‌ನಲ್ಲಿ ಹೇಳಿದರು. ಮುಂದಿನ ವರ್ಷ ಕ್ಲಬ್ಬು ಅವಳನ್ನು ಸಂಬಳಕ್ಕೆ ಇಟ್ಟುಕೊಳ್ಳಬೇಕೆಂದಿದೆ. ಮೊದಲ ತಂಡದ ಪಿಚರ್, ಜೊತೆಗೆ ಹುಡುಗಿಯರ ತಂಡಕ್ಕೆ ಕೋಚ್. ಅವಳು ಬಂದು ಒಂದು ವರ್ಷ ಆಗಿರುವುದರಿಂದ, ಒಪ್ಪಂದ ಕೈಯಲ್ಲಿದ್ದರೆ ಕೆಲಸದ ಅನುಮತಿ ಸಿಗುತ್ತದೆ. ವಿದೇಶಿಯರ ಆಫೀಸಿಗೆ ತಾವೇ ಹೋಗಿ ವಿಚಾರಿಸಿದ್ದೇನೆ ಅಂದರು. ಕಾಗದದ ಮೇಲೆ ಅವಳ ಹೆಸರು ಆಗಲೇ ಟೈಪಾಗಿತ್ತು. "ನೀವು ಮಾಡ್ತೀರಾ?" ಅಂತ ಕೇಳಿ ಪೆನ್ನನ್ನು ಅವಳ ಕಡೆ ಸರಿಸಿದರು.

ಕಲ್ಯಾಣಿ ಕಾಗದದ ಮೇಲಿನ ತನ್ನ ಹೆಸರನ್ನು ಎರಡು ಸಲ ಓದಿದಳು. ಚೆಂಡು ಎಸೆಯುವುದಕ್ಕೆ ಸಂಬಳ. ಪ್ರೇಮಕುಮಾರಿ ಮೇಡಮ್ಮಿಗೆ ಇವತ್ತೇ ಫೋನ್ ಮಾಡಬೇಕು, ಬೂತಿನಿಂದ ಆದರೂ ಸರಿ. ಇಷ್ಟೆಲ್ಲ ತಲೆಯಲ್ಲಿ ಓಡುತ್ತಿರುವಾಗ ಬಾಯಿ ತನ್ನ ಪಾಡಿಗೆ ತಾನು ಜರ್ಮನ್‌ನಲ್ಲೇ ಬೇಡ ಅಂದಿತು: "ನೈನ್, ನೈನ್, ಹೆರ್ ವೈಗಾಂಡ್. ನನಗ್ಯಾಕೆ ಅಷ್ಟು ದೊಡ್ಡದು? ನನಗಿಂತ ಚೆನ್ನಾಗಿ ಆಡೋರು ಇದಾರೆ." ಹೇಳಿ, ತಲೆ ತಗ್ಗಿಸಿ, ಕಾಫಿ ತರುವ ನೆಪದಲ್ಲಿ ಒಳಗೆ ಹೋದಳು. ನಮ್ಮಲ್ಲಿ ಹಾಗೇ ಅಲ್ಲವೇ? ಬೇಡ ಅಂದವಳು ಅಡಿಗೆಮನೆಗೆ ಹೋಗಬೇಕು, ಹೊರಗಿರುವವರು ಮತ್ತೆ ಕರೆದು ಒತ್ತಾಯ ಮಾಡಬೇಕು.

ಒಳಗಿನಿಂದ ಕಿವಿ ಕೊಟ್ಟಳು. ವೈಗಾಂಡ್ ಶೇಷಗಿರಿಯನ್ನು ಮೆತ್ತಗೆ ಏನೋ ಕೇಳಿದರು. ಶೇಷಗಿರಿ ಎರಡೇ ಮಾತಿನಲ್ಲಿ ಏನೋ ಹೇಳಿದ. ನನ್ನ ಪರವಾಗಿ ಹೇಳುತ್ತಿದ್ದಾರೆ ಅಂದುಕೊಂಡು ಅವಳು ಬೇಕೆಂದೇ ಹಾಲನ್ನು ಇನ್ನೊಂದು ಸಲ ಉಕ್ಕಿಸಿದಳು. ಮೂರು ಲೋಟ ಹಿಡಿದು ಹೊರಗೆ ಬಂದರೆ ವೈಗಾಂಡ್ ಕೋಟು ಹಾಕಿಕೊಂಡು ನಿಂತಿದ್ದರು. ಫೈಲು ಮತ್ತೆ ಕಂಕುಳಿಗೆ ಹೋಗಿತ್ತು. ಅವಳ ಕೈ ಕುಲುಕಿ "ಶಾಡೆ" ಅಂದರು. ಛೇ, ಕೈತಪ್ಪಿತಲ್ಲ ಅನ್ನುವಾಗ ಇಲ್ಲಿನವರು ಹೇಳುವ ಮಾತು ಅದು. ಮೊದಲ ತಿಂಗಳ ಪಾಠದಲ್ಲೇ ಇತ್ತು.

ಬಾಗಿಲು ಹಾಕಿದ ಮೇಲೆ ಅವಳು ಕೇಳಿದಳು, "ರೀ, ಯಾಕ್ರೀ ಹೊರಟೇಬಿಟ್ರು?"

"ನೀನೇ ಬೇಡ ಅಂದ್ಯಲ್ಲ."

"ಅಯ್ಯೋ, ಅದು ಹಾಗಲ್ಲ. ಇನ್ನೊಂದ್ಸಲ ಕೇಳ್ತಾರೆ ಅಂತ... ನಿಮ್ಮನ್ನೇನೋ ಕೇಳಿದ್ರಲ್ಲ?"

"ನಿಜವಾಗ್ಲೂ ಬೇಡ್ವಾ ಅಂತ ಕೇಳಿದ್ರು. ಅವಳೇ ಹೇಳಿದಾಳಲ್ಲ ಅಂದೆ. ನಿನ್ನ ಮನಸ್ಸಲ್ಲಿರೋದು ನಂಗೇನು ಗೊತ್ತು? ಇವರ ಪದ್ಧತಿ ನಂಗೆ ಮಾತ್ರ ಹೇಗೆ ಗೊತ್ತಿರತ್ತೆ?" ಅಂದು ಶೇಷಗಿರಿ ಟಿವಿ ಹಾಕಿದ. "ಬೇಕಿದ್ರೆ ಮತ್ತೆ ಕೇಳ್ತಾರೆ ಬಿಡು."

ಎರಡು ವಾರ ಕಾದಳು. ಫೋನು ಬಡಿದಾಗಲೆಲ್ಲ ಓಡಿದಳು. ಕೊನೆಗೆ ಖದೀಜಾಳ ಹತ್ತಿರ ಬಾಯಿಬಿಟ್ಟಳು. ಖದೀಜಾ ತಲೆ ತಲೆ ಚಚ್ಚಿಕೊಂಡಳು. "ನಿಂಗೇನು ಬಂತೇ? ಇವರು ಒಂದೇ ಸಲ ಕೇಳೋದು ಕಣೇ. ಡಾಕ್ಟ್ರು ನಂಗೆ ನಾಳೆನೇ ಬನ್ನಿ ಅಂದಾಗ ಪರವಾಗಿಲ್ಲ ಅಂದಿದ್ದಕ್ಕೆ ಆರು ವಾರ ಆಚೆ ಹಾಕಿದ್ರು. ಈಗಿಂದೀಗ ಹೋಗು. ಹೋಗಿ ಬೇಕು ಅನ್ನು."

ಅವಳು ವೈಗಾಂಡ್ ಓಡಿಸುವ ಟ್ರಾಮನ್ನೇ ಹುಡುಕಿ ಹತ್ತಿದಳು. ಡ್ರೈವರ್ ಜೊತೆ ಮಾತನಾಡಬಾರದು ಅಂತ ಬೋರ್ಡಿತ್ತು. ಆ ಬೋರ್ಡನ್ನು ನೋಡುತ್ತಾ ಕೊನೆಯ ಸ್ಟಾಪಿನವರೆಗೆ ಬಾಯಿಮುಚ್ಚಿ ಕೂತಳು. ನಿಯಮ ಅಂದಮೇಲೆ ನಿಯಮ. ಎಲ್ಲರೂ ಇಳಿದ ಮೇಲೆ ಹತ್ತಿರ ಹೋಗಿ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದನ್ನು ಹೇಳಿದಳು: ನನಗೆ ಬೇಕು. ವೈಗಾಂಡ್ ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಮೊನ್ನೆ ಶುಕ್ರವಾರ ಒಬ್ಬ ಡಚ್ ಹುಡುಗಿ ಸಹಿ ಹಾಕಿದಳು ಅಂದರು. "ಅವತ್ತೇ ಯಾಕೆ ಹೇಳಲಿಲ್ಲ ಕಲ್ಲಿ?" ಅಂದರು. ಅದಕ್ಕೆ ಉತ್ತರ ಹೇಳಬೇಕಾದರೆ ಚಕ್ಕುಲಿಯಿಂದ ಶುರುಮಾಡಬೇಕು. ಅಷ್ಟು ಜರ್ಮನ್ ಅವಳಿಗೆ ಬರುತ್ತಿರಲಿಲ್ಲ.

ಆ ಚಳಿಗಾಲ ಕಲ್ಯಾಣಿ ತನ್ನನ್ನು ತಾನು ಶಪಿಸಿಕೊಂಡಳು, ಅಮ್ಮನನ್ನು ಶಪಿಸಿದಳು, ಗಂಡನನ್ನು ಮಾತ್ರ ಶಪಿಸಲಿಲ್ಲ. ಪಾಪ ಅವರಿಗೇನು ಗೊತ್ತು ಅಂದುಕೊಂಡಳು. ಬುಧವಾರ ಹುಡುಗಿಯರಿಗೆ ಕಲಿಸುವುದನ್ನು ಬಿಡಲಿಲ್ಲ. ಪಂದ್ಯಗಳು ಶುರುವಾದ ಮೇಲೆ ತಾನು ಎರಡನೇ ತಂಡದಲ್ಲಿ ಆಡಿದಳು.

ಮಾರ್ಚಿನಲ್ಲಿ ಶೇಷಗಿರಿಯ ಕಂಪನಿ ಮ್ಯಾನ್‌ಹೈಮ್‌ನ ಬಾಗಿಲು ಮುಚ್ಚಿತು. ಗ್ರೀನ್ ಕಾರ್ಡು ಕೆಲಸಕ್ಕೆ ಕಟ್ಟಿದ್ದು. ಕೆಲಸ ಹೋದರೆ ಕೆಲವೇ ತಿಂಗಳಲ್ಲಿ ಇನ್ನೊಂದು ಹುಡುಕಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಬೊಬ್ಲಿಂಗೆನ್‌ಗೆ ಬರೆದ, ಇಂಗೋಲ್‌ಸ್ಟಾಟ್‌ಗೆ ಹೋಗಿಬಂದ. ಎಲ್ಲ ಕಡೆಯಿಂದಲೂ ಒಂದೇ ಥರದ ಕಾಗದ. ಗಡ್ಡ ಬಿಟ್ಟ, ಹಗಲೆಲ್ಲ ಮಲಗಿದ. ಜೂನ್‌ನಲ್ಲಿ ಖದೀಜಾಳ ಗಂಡ ಒಂದು ಸುದ್ದಿ ತಂದ: ಡಚ್ ಹುಡುಗಿ ಮಂಡಿ ತಿರುಚಿಕೊಂಡು ಊರಿಗೆ ಹೋಗಿದ್ದಾಳೆ, ಕ್ಲಬ್ಬಿನಲ್ಲಿ ಜಾಗ ಖಾಲಿ ಇದೆ. ಶೇಷಗಿರಿ ಅವತ್ತೇ ಗಡ್ಡ ಬೋಳಿಸಿದ. ಹೆಂಡತಿಗೆ ಕೆಲಸ ಸಿಕ್ಕರೆ ಅದರ ಆಸರೆಯಲ್ಲಿ ಇನ್ನಷ್ಟು ದಿನ ಇರಲು ಬಿಟ್ಟಾರು ಅನ್ನುವ ಆಸೆ. ತಾನೇ ವೈಗಾಂಡ್‌ಗೆ ಫೋನ್ ಮಾಡಿ ಭಾನುವಾರ ಕಾಫಿಗೆ ಕರೆದ.

ವೈಗಾಂಡ್ ಸ್ಟ್ರಾಬೆರಿ ಕೇಕು ತಂದರು. ಅದೇ ಹಸಿರು ಫೈಲು. ಕಲ್ಯಾಣಿ ಹಿಂದಿನ ದಿನವೆಲ್ಲ ಒಂದೇ ಮಾತು ಅಭ್ಯಾಸ ಮಾಡಿದ್ದಳು, ಸೊಪ್ಪು ಬಿಡಿಸುವಾಗಲೂ, ಸ್ನಾನ ಮಾಡುವಾಗಲೂ: ಯಾ, ಅಂದರೆ ಹೂಂ. ಈ ಸಲ ಮೊದಲ ಸಲಕ್ಕೇ. ಹಪಾಹಪಿ ಅಂದರೆ ಅನ್ನಲಿ.

"ಕಲ್ಲಿ, ಇನ್ನೊಂದು ಸಲ ಕೇಳ್ತಾ ಇದೀನಿ. ನಮ್ಮಲ್ಲಿ ಆಡ್ತೀರಾ, ಕಲಿಸ್ತೀರಾ?" ಅಂದರು ವೈಗಾಂಡ್.

ಅವಳು ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಶೇಷಗಿರಿ ನಗುತ್ತಾ ಕೈಯಡ್ಡ ಹಿಡಿದ. "ಒಂದು ನಿಮಿಷ, ಹೆರ್ ವೈಗಾಂಡ್" ಅಂದು ಸರಾಗವಾದ ಜರ್ಮನ್‌ನಲ್ಲಿ ಶುರುಮಾಡಿದ. ಎರಡು ವರ್ಷ ಸಂಜೆ ತರಗತಿಗೆ ಹೋದವಳಿಗೆ ಒಂದೊಂದು ಮಾತೂ ಅರ್ಥವಾಯಿತು.

"ಇವಳು ಬೇಡ ಅಂದರೆ ನಂಬಬೇಡಿ. ನಮ್ಮ ಕಡೆ ಮೂರು ಸಲ ಕೇಳಬೇಕು. ಮೊದಲೆರಡು ಸಲ ಬೇಡ ಅನ್ನೋದು ಮರ್ಯಾದೆ, ಅಷ್ಟೇ. ನಾನೂ ಬಂದ ಹೊಸದರಲ್ಲಿ ಇದೇ ತಪ್ಪು ಮಾಡಿದ್ದೆ. ಬೊಬ್ಲಿಂಗೆನ್‌ನಲ್ಲಿ, ಮೊದಲನೇ ಚಳಿಗಾಲ. ಒಂದು ಪ್ರಾಜೆಕ್ಟ್ ನೋಡ್ಕೋತೀಯಾ ಅಂತ ಬಾಸ್ ಕೇಳಿದರು. ಸಂಕೋಚಕ್ಕೆ ಬೇಡ ಅಂದೆ, ಇನ್ನೊಬ್ಬನಿಗೆ ಕೊಟ್ಟೇಬಿಟ್ಟರು. ಅವತ್ತಿಂದ ನಾನು ಪ್ರಶ್ನೆ ಮುಗಿಯೋ ಮುಂಚೆನೇ ಯಾ ಅಂತೀನಿ." ಹೇಳಿ ತಾನೇ ಜೋರಾಗಿ ನಕ್ಕ.

ವೈಗಾಂಡ್ ಕೂಡ ನಕ್ಕರು. ಕಲ್ಯಾಣಿ ನಗಲಿಲ್ಲ. ಬೊಬ್ಲಿಂಗೆನ್, ಮೊದಲನೇ ಚಳಿಗಾಲ. ಅಂದರೆ ಅವಳ ಕೊರಳಿಗೆ ಅವನು ತಾಳಿ ಕಟ್ಟುವುದಕ್ಕೂ ಮೊದಲು. ಆ ಅಕ್ಟೋಬರ್ ಭಾನುವಾರಕ್ಕೆ ಸುಮಾರು ಎರಡು ವರ್ಷ ಮೊದಲು. ಅವತ್ತು ಅವಳು ಒಳಗೆ ಹಾಲು ಉಕ್ಕಿಸುತ್ತಾ ನಿಂತಿದ್ದಾಗ ಈ ಮಾತೆಲ್ಲ ಅವನ ನಾಲಿಗೆಯ ತುದಿಯಲ್ಲೇ ಇತ್ತು. ಎಲ್ಲ ಗೊತ್ತಿದ್ದೂ ನುಂಗಿಕೊಂಡು ಕೂತಿದ್ದ, ಸಾಕು ಅಂದ ಅತಿಥಿಗೆ ಉಪ್ಪಿಟ್ಟನ್ನು ಬಲವಂತವಾಗಿ ತಿನ್ನಿಸಿದ ಮನುಷ್ಯ.

ತೆರೆದ ಬಾಯಿಯಲ್ಲಿದ್ದ ಯಾ ಅಲ್ಲೇ ಒಣಗಿತು.

"ನೈನ್" ಅಂದಳು ಕಲ್ಯಾಣಿ.

ಶೇಷಗಿರಿ ನೋಡಿದ್ರಾ ಅನ್ನುವಂತೆ ಹುಬ್ಬು ಹಾರಿಸಿದ. ವೈಗಾಂಡ್ ಹೊಸ ಆಟ ಕಲಿತವರ ಖುಷಿಯಲ್ಲಿ ಎರಡು ಬೆರಳು ಎತ್ತಿದರು. "ಎರಡನೇ ಸಲ, ಕಲ್ಲಿ. ಆಡ್ತೀರಾ?"

"ನೈನ್."

"ಮೂರನೇ ಸಲ" ಅಂದರು. ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು.

ಅವಳು ಪೆನ್ನು ತೆಗೆದುಕೊಂಡು, ಮುಚ್ಚಳ ಹಾಕಿ, ಅವರ ಮುಂದೆ ಇಟ್ಟಳು. "ನೈನ್, ಹೆರ್ ವೈಗಾಂಡ್. ಧನ್ಯವಾದ."

ಈ ಸಲ ಯಾರೂ ಯಾರನ್ನೂ ತಿನ್ನು ಅಂತ ಒತ್ತಾಯ ಮಾಡಲಿಲ್ಲ. ಅವರು ಹೋದ ಮೇಲೆ ಶೇಷಗಿರಿ ಕೂಗಾಡಿದ. "ತಲೆ ಕೆಟ್ಟಿದ್ಯಾ ನಿಂಗೆ? ಊರಿಗೆ ಹೋಗ್ಬೇಕಾಗತ್ತೆ, ಗೊತ್ತಾ? ನಿಂಗೇ ತಾನೇ ಅಷ್ಟು ಆಸೆ ಇದ್ದಿದ್ದು?"

"ಅವತ್ತು ನಿಮಗೆ ಗೊತ್ತಿತ್ತು" ಅಂದಳು ಕಲ್ಯಾಣಿ.

ಅವನು ಮೇಜಿನ ಮೇಲೆ ಬಿದ್ದಿದ್ದ ಕೇಕಿನ ಪುಡಿಯನ್ನು ಬೆರಳಿನಿಂದ ಒಟ್ಟುಮಾಡುತ್ತಾ ಕೂತ. "ಎಲ್ಲರೂ ಕಲ್ಲಿ ಗಂಡ ಅಂತಿದ್ರು" ಅಂದ. ಅಷ್ಟೇ ಕಾರಣ. ಅದಕ್ಕಿಂತ ದೊಡ್ಡದು ಹುಡುಕಿದರೂ ಸಿಗುವುದಿಲ್ಲ.

ಪರರಿಗೆ ಅಪಶಕುನವಾಗಲಿ ಅಂತ ಮೂಗು ಕೊಯ್ದುಕೊಂಡ ಹಾಗಾಯಿತು ಅಂತ ಖದೀಜಾ ಬೈದಳು. ಸರಿಯಾಗಿಯೇ ಬೈದಳು. ಊರಿಗೆ ಹೋಗುವ ಟಿಕೆಟ್ಟು ಆಗಸ್ಟಿಗೆ ಆಯಿತು. ಶೋಕೇಸಿನ ಪದಕಗಳನ್ನು ಕಲ್ಯಾಣಿ ಪತ್ರಿಕೆಯಲ್ಲಿ ಸುತ್ತಿ ಸೂಟ್‌ಕೇಸಿನ ತಳಕ್ಕೆ ಹಾಕಿದಳು.

ಹೊರಡುವುದಕ್ಕೆ ಮೊದಲಿನ ಶನಿವಾರ ಕ್ಲಬ್ಬಿನಲ್ಲಿ ಪಂದ್ಯವಿತ್ತು. ಹೋಗಬಾರದು ಅಂದುಕೊಂಡೇ ಹೋದಳು. ಬೇಲಿಯ ಹೊರಗೆ, ಮೊದಲ ದಿನ ನಿಂತಿದ್ದ ಜಾಗದಲ್ಲೇ ನಿಂತಳು. ಪಿಚರ್ ಜಾಗದಲ್ಲಿ ಹದಿನಾರು ವರ್ಷದ ಹುಡುಗಿಯೊಬ್ಬಳನ್ನು ಇಳಿಸಿದ್ದರು, ಕಲ್ಯಾಣಿಯ ಬಕೆಟ್ಟಿನ ಚೆಂಡಿನಿಂದಲೇ ಕಲಿತವಳು. ಕೈ ಚೆನ್ನಾಗಿತ್ತು, ವಯಸ್ಸು ಸಾಲದು. ನಾಲ್ಕನೇ ಸರದಿಗೆ ಭುಜ ಬಿದ್ದುಹೋಯಿತು. ಎದುರಾಳಿಗಳು ಮನಬಂದಂತೆ ಹೊಡೆಯತೊಡಗಿದರು. ಒಂದು ಚೆಂಡು ಉರುಳುತ್ತಾ ಬಂದು ಬೇಲಿಗೆ ಬಡಿದು ಕಲ್ಯಾಣಿಯ ಕಾಲಿನ ಹತ್ತಿರ ನಿಂತಿತು. ನಡುವೆ ಕಬ್ಬಿಣದ ಜಾಲರಿ.

ಚೆಂಡು ತೆಗೆದುಕೊಳ್ಳಲು ವೈಗಾಂಡ್ ತಾವೇ ಬಂದರು. ಬಗ್ಗಿ ಎತ್ತಿಕೊಂಡು, ಅವಳನ್ನು ನೋಡಿ ನಿಂತರು. ಅವಳ ಬಲಗೈ ಜಾಲರಿ ಹಿಡಿದಿತ್ತು. ಕೇಳಲಿ, ಇನ್ನೊಂದೇ ಒಂದು ಸಲ ಕೇಳಲಿ ಅಂತ ಅವಳ ಜೀವ ಬಾಯಿಗೆ ಬಂದಿತ್ತು. ಕೇಳಿದ್ದರೆ ಚಪ್ಪಲಿ ಬಿಟ್ಟು ಆ ಬೇಲಿ ಹತ್ತುತ್ತಿದ್ದಳು. ವೈಗಾಂಡ್ ಟೋಪಿ ಮುಟ್ಟಿ ನಮಸ್ಕಾರ ಮಾಡಿ, ಚೆಂಡನ್ನು ಒರೆಸಿಕೊಳ್ಳುತ್ತಾ ಮೈದಾನಕ್ಕೆ ವಾಪಸು ನಡೆದರು. ಅವರದೇನೂ ತಪ್ಪಿಲ್ಲ. ಅವರಿಗೆ ಯಾರೂ ನಾಲ್ಕು ಸಲ ಅಂತ ಹೇಳಿರಲಿಲ್ಲ.